ಮಾರುಕಟ್ಟೆಯ ದೀಪ ಮತ್ತು ಒಂದು ಹಳೆಯ ಲೆಕ್ಕ

ಕಳೆದ ತಿಂಗಳು ಜೆ.ಪಿ. ನಗರದ ಕಲ್ಯಾಣಮಂಟಪವೊಂದಕ್ಕೆ ಬಂಧುಗಳ ಮಗಳ ಆರತಕ್ಷತೆಗೆಂದು ಹೋಗಿದ್ದೆ. ಊಟ ಮುಗಿಸಿ ಕೈತೊಳೆದು ಹೊರಬರುತ್ತಿದ್ದಾಗ, ತಲೆಗೂದಲು ಅರೆನರೆತ ಒಬ್ಬರು ಎದುರಿಗೆ ಬಂದು ಬಾಗಿ ನಮಸ್ಕರಿಸಿದರು. "ಸಾರ್, ಗುರುತು ಸಿಕ್ಕಿತೇ? ಬೀದಿದೀಪ ಮಿಣುಕಿತಲ್ಲ, ಆ ವರ್ಷದವನು" ಎಂದರು. ಮುಖದ ಗುರುತು ಸಿಗಲಿಲ್ಲ. ಆದರೆ ಆ ದೀಪವನ್ನು ನಾನು ಮೂವತ್ತು ವರ್ಷಗಳಿಂದ ಮರೆತಿಲ್ಲ. ಆ ವಿಚಾರದಲ್ಲಿ ಆತನಿಗೆ ನಾನು ಒಂದು ಲೆಕ್ಕವನ್ನು ಬಾಕಿ ಉಳಿಸಿಕೊಂಡಿದ್ದೆ. ಅಂದು ಅಲ್ಲಿ ಆಡಿದ ಮಾತು ಕೊನೆಗೆ ಬರಲಿ. ಮೊದಲು ಆ ದೀಪದ ಇತಿಹಾಸವನ್ನೂ ಲೆಕ್ಕವನ್ನೂ ನನ್ನ ವಿದ್ಯಾರ್ಥಿಗಳ ಮುಂದಿಡುತ್ತೇನೆ.

ಬೆಂಗಳೂರಿನ ನಗರ ಮಾರುಕಟ್ಟೆಯ ಬಳಿ ವಿದ್ಯುತ್ ಬೀದಿದೀಪ ಬೆಳಗಿದ್ದು 1905ರ ಆಗಸ್ಟ್ 5ರಂದು. ವಿದ್ಯುತ್ತು ಬಂದದ್ದು ಶಿವನಸಮುದ್ರದಿಂದ. ಕಾವೇರಿಯ ಆ ಜಲಪಾತದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 92 ಮೈಲಿ ತಂತಿ ಎಳೆದು 1902ರಲ್ಲೇ ವಿದ್ಯುತ್ ಒದಗಿಸಲಾಗಿತ್ತು. ಅಷ್ಟು ದೂರದ ತಂತಿಮಾರ್ಗ ಅಂದಿಗೆ ಜಗತ್ತಿನಲ್ಲೇ ದೊಡ್ಡ ಸಾಹಸ. ಯೋಜನೆಯನ್ನು ಮುಂದಿಟ್ಟವರು ಎಂಜಿನಿಯರ್ ಜೋಲಿ ದ ಲಾತ್‌ಬಿನಿಯೇರ್. ಧೈರ್ಯಮಾಡಿ ಒಪ್ಪಿದವರು ದಿವಾನ್ ಕೆ. ಶೇಷಾದ್ರಿ ಅಯ್ಯರ್. 1901ರಲ್ಲೇ ತೀರಿಕೊಂಡ ಶೇಷಾದ್ರಿ ಅಯ್ಯರ್ ಅವರಿಗೆ ತಾವು ಹಚ್ಚಿಸಿದ ದೀಪವನ್ನು ನೋಡುವ ಯೋಗವಿರಲಿಲ್ಲ. ನೀರಿನ ಚಕ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪೆನಿಯವು, ವಿದ್ಯುಜ್ಜನಕಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯವು. ಈ ಎರಡನೆಯ ಹೆಸರನ್ನು ನೆನಪಿನಲ್ಲಿಡಿ. ಮುಂದೆ ಮತ್ತೆ ಬರುತ್ತದೆ.

ಏಷ್ಯಾದಲ್ಲಿಯೇ ಮೊದಲು ವಿದ್ಯುತ್ ದೀಪ ಕಂಡದ್ದು ಬೆಂಗಳೂರು ಎಂದು ನಾವೆಲ್ಲ ಅಭಿಮಾನದಿಂದ ಹೇಳುವುದುಂಟು. ನಾನೂ ತರಗತಿಯಲ್ಲಿ ಹಾಗೆಯೇ ಹೇಳಿದ್ದೇನೆ. ಅದು ನಿಜವಲ್ಲ. ಡಾರ್ಜಿಲಿಂಗಿನ ಸಿದ್ರಾಪೊಂಗ್‌ನಲ್ಲಿ 1897ರಲ್ಲೇ ಜಲವಿದ್ಯುತ್ ಕೇಂದ್ರವೊಂದು ಆರಂಭವಾಗಿತ್ತು. ನಮ್ಮ ಹಿರಿಮೆ ಇರುವುದು ಆ ದೂರದಲ್ಲಿ, ಆ ಪ್ರಮಾಣದಲ್ಲಿ. ತಪ್ಪು ಹೇಳಿದ್ದನ್ನು ತಿದ್ದಿಕೊಳ್ಳುವ ಲೇಖನವಾದ್ದರಿಂದ ಇದನ್ನೂ ತಿದ್ದಿಬಿಡುತ್ತೇನೆ.

ವಿದ್ಯುತ್ತು ಬಂದದ್ದಾಯಿತು, ಅದನ್ನು ಹೆಚ್ಚು ಕಡಿಮೆ ಮಾಡುವುದು ಹೇಗೆ? 1980ರ ದಶಕದಲ್ಲಿ ನಾವು ಬನಶಂಕರಿಯಲ್ಲಿ ಬಾಡಿಗೆಗಿದ್ದ ಮನೆಯ ಫ್ಯಾನಿಗೆ ಇದ್ದದ್ದು ಕಪ್ಪು ಬಣ್ಣದ ದಪ್ಪ ರೆಗ್ಯುಲೇಟರ್. ಒಳಗೆ ಸುರುಳಿ ಸುತ್ತಿದ ರೋಧಕ ತಂತಿ. ಫ್ಯಾನನ್ನು ನಿಧಾನವಾಗಿ ತಿರುಗಿಸಿದರೆ ಉಳಿದ ವಿದ್ಯುತ್ತು ಆ ತಂತಿಯಲ್ಲಿ ಶಾಖವಾಗಿ ಪೋಲಾಗುತ್ತಿತ್ತು. ರೆಗ್ಯುಲೇಟರಿನ ಮೇಲೆ ಕೈಯಿಟ್ಟರೆ ಬೆಚ್ಚಗಿರುತ್ತಿತ್ತು. ನಲ್ಲಿಯನ್ನು ಪೂರ್ತಿ ತೆರೆದು, ಅರ್ಧ ನೀರನ್ನು ಮೋರಿಗೆ ಬಿಟ್ಟು, ಉಳಿದರ್ಧವನ್ನು ಬಿಂದಿಗೆಗೆ ಹಿಡಿದಂತೆ.

ಈ ಪೋಲನ್ನು ತಪ್ಪಿಸಿದ್ದು ಅರೆವಾಹಕಗಳ ಯುಗ. 1957ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪೆನಿಯಲ್ಲಿ ಗಾರ್ಡನ್ ಹಾಲ್ ಮತ್ತು ಸಂಗಡಿಗರು ಸಿಲಿಕಾನಿನ ನಿಯಂತ್ರಿತ ಸ್ವಿಚ್ಚೊಂದನ್ನು ರೂಪಿಸಿದರು. ಅದನ್ನು ಬಳಕೆಗೆ ತಂದವರು ಫ್ರಾಂಕ್ ಗುಟ್ಸ್‌ವಿಲರ್. ಇಂದು ಅದನ್ನು ಎಸ್‌ಸಿಆರ್ ಅಥವಾ ಥೈರಿಸ್ಟರ್ ಎನ್ನುತ್ತೇವೆ. ಅದು ಪ್ರವಾಹವನ್ನು ಒಂದೇ ದಿಕ್ಕಿಗೆ ಬಿಡುತ್ತಿತ್ತು. ಅದೇ ಕಂಪೆನಿಯಲ್ಲಿ ನಿಕ್ ಹೊಲೊನ್ಯಾಕ್ ಮತ್ತು ಆಲ್ಡ್ರಿಚ್ ಎರಡು ದಿಕ್ಕಿಗೂ ಕೆಲಸಮಾಡುವ ಸ್ವಿಚ್ಚಿನ ದಾರಿ ತೋರಿಸಿದರು. ಹೊಲೊನ್ಯಾಕ್ ಎಂದರೆ 1962ರಲ್ಲಿ ಕೆಂಪು ಎಲ್‌ಇಡಿಯನ್ನು ಬೆಳಗಿಸಿದವರೇ. 1960ರ ದಶಕದ ಮೊದಲರ್ಧದಲ್ಲಿ ಟ್ರಯಾಕ್ ಎಂಬ ಹೆಸರಿನಲ್ಲಿ ಅಂಥ ಸ್ವಿಚ್ಚು ಮಾರುಕಟ್ಟೆಗೆ ಬಂದಿತು. ನಮ್ಮ ಶಿವನಸಮುದ್ರಕ್ಕೆ ವಿದ್ಯುಜ್ಜನಕಗಳನ್ನು ಕಳುಹಿಸಿದ ಕಂಪೆನಿಯೇ ಅರವತ್ತು ವರ್ಷಗಳ ಅನಂತರ ಆ ವಿದ್ಯುತ್ತನ್ನು ಬೆರಳ ತುದಿಯಲ್ಲಿ ಹಿಡಿಯುವ ಸಾಧನವನ್ನೂ ಕೊಟ್ಟಿತು.

ಟ್ರಯಾಕ್ ಕೆಲಸಮಾಡುವ ಬಗೆ ಸರಳ. ನಮ್ಮ ಮನೆಗಳ ಪರ್ಯಾಯ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದು. ಅಂದರೆ ಸೆಕೆಂಡಿಗೆ 100 ಅರ್ಧಾವರ್ತಗಳು, ಒಂದೊಂದು 10 ಮಿಲಿಸೆಕೆಂಡಿನದು. ಟ್ರಯಾಕಿಗೆ ಎರಡು ಮುಖ್ಯ ತುದಿಗಳು, ಮತ್ತೊಂದು ಗೇಟ್. ಗೇಟಿಗೆ ಸ್ವಲ್ಪ ಪ್ರವಾಹ ಕೊಟ್ಟರೆ ಬಾಗಿಲು ತೆರೆಯುತ್ತದೆ. ಅರ್ಧಾವರ್ತ ಮುಗಿದು ಪ್ರವಾಹ ಸೊನ್ನೆಗೆ ಇಳಿದಾಗ ತಾನಾಗಿ ಮುಚ್ಚಿಕೊಳ್ಳುತ್ತದೆ. ಮುಂದಿನ ಅರ್ಧಾವರ್ತದಲ್ಲಿ ಮತ್ತೆ ತೆರೆಯಬೇಕು. ಸಂಜೆ ಆರರಿಂದ ಬೆಳಗ್ಗೆ ಆರರವರೆಗೆ ಉರಿಯುವ ದೀಪವೊಂದಕ್ಕೆ ಈ ಬಾಗಿಲು ಒಂದೇ ರಾತ್ರಿಯಲ್ಲಿ 43,20,000 ಬಾರಿ ತಪ್ಪದೆ ತೆರೆಯಬೇಕು. ಅದು ತಪ್ಪದಿರಲು ಗೇಟಿಗೆ ಎಷ್ಟು ಪ್ರವಾಹ ಬೇಕು? ನನ್ನ ಹಳೆಯ ಲೆಕ್ಕ ಇದೇ.

1994ರ ಜನವರಿ. ನಾನಾಗ ಜಯನಗರದ ಶಾಲೆಯೊಂದರಲ್ಲಿ ವಿಜ್ಞಾನದ ಅಧ್ಯಾಪಕ. ವಿಜ್ಞಾನ ವಸ್ತುಪ್ರದರ್ಶನಕ್ಕೆ 1905ರ ಬೀದಿದೀಪದ ಮಾದರಿಯನ್ನು ಮಾಡೋಣವೆಂದು ಯೋಚಿಸಿದೆವು. ಮರದ ಕಂಬ, ತಗಡಿನ ಛತ್ರಿ, ಒಳಗೆ 60 ವ್ಯಾಟಿನ ಬಲ್ಬು. ಕತ್ತಲಾದರೆ ತಾನಾಗಿ ಹತ್ತಿಕೊಳ್ಳಬೇಕು. ಬೆಳಕನ್ನು ಗುರುತಿಸುವ ಒಂದು ರೋಧಕ, ಎಸ್‌ಎಲ್ 100 ಟ್ರಾನ್ಸಿಸ್ಟರ್, 12 ವೋಲ್ಟಿನ ಪುಟ್ಟ ಟ್ರಾನ್ಸ್‌ಫಾರ್ಮರ್, ಬಿಟಿ 136 ಎಂಬ ಟ್ರಯಾಕ್. ಎಲ್ಲವೂ ಎಸ್.ಪಿ. ರಸ್ತೆಯಲ್ಲಿ ಕೊಂಡದ್ದು. ಕಟ್ಟಿದವನು ಹತ್ತನೇ ತರಗತಿಯ ಹುಡುಗ. ಕೈ ಬಹಳ ಚೊಕ್ಕಟ. ಅವನ ಬೆಸುಗೆ ಮುತ್ತಿನಂತಿರುತ್ತಿತ್ತು. ಲೆಕ್ಕ ಹಾಕಿದವನು ನಾನು.

ಯಾರದೋ ಟಿಪ್ಪಣಿಯಿಂದ ನಾನು ಬರೆದುಕೊಂಡಿದ್ದಂತೆ ಆ ಟ್ರಯಾಕಿನ ಗೇಟಿಗೆ 5 ಮಿಲಿ ಆಂಪಿಯರ್ ಸಾಕು. ನನ್ನ ಡಬ್ಬಿಯಲ್ಲಿ 330 ಓಮಿನ ರೋಧಕವಿತ್ತು. 12 ವೋಲ್ಟಿನಲ್ಲಿ ಗೇಟಿನ 1.5 ವೋಲ್ಟನ್ನೂ ಟ್ರಾನ್ಸಿಸ್ಟರಿನ 0.3 ವೋಲ್ಟನ್ನೂ ಕಳೆದರೆ ಉಳಿಯುವುದು 10.2. ಅದನ್ನು 330ರಿಂದ ಭಾಗಿಸಿದರೆ ಸುಮಾರು 31 ಮಿಲಿ ಆಂಪಿಯರ್. "ಬೇಕಾದದ್ದು ಐದು, ಕೊಡುತ್ತಿರುವುದು ಮೂವತ್ತೊಂದು. ಆರು ಪಟ್ಟು! ಇನ್ನೇನು ಭಯ?" ಎಂದು ಕಪ್ಪುಹಲಗೆಯ ಮೇಲೆ ಬರೆದು ಅಡಿಗೆರೆ ಎಳೆದಿದ್ದೆ. ದೀಪ ಒಂದು ವಾರ ಚೆನ್ನಾಗಿಯೇ ಉರಿಯಿತು.

ಪ್ರದರ್ಶನದ ಹಿಂದಿನ ದಿನ ಬಲ್ಬು ಸುಟ್ಟುಹೋಯಿತು. ತಂತು ಕಡಿಯುವ ಕ್ಷಣದಲ್ಲಿ ಹರಿಯುವ ಭಾರಿ ಪ್ರವಾಹಕ್ಕೆ ಟ್ರಯಾಕೂ ಬಲಿಯಾಯಿತು. ಹುಡುಗ ಸಂಜೆ ಎಸ್.ಪಿ. ರಸ್ತೆಗೆ ಓಡಿ ಅದೇ ನಂಬರಿನ ಇನ್ನೊಂದನ್ನು ತಂದು ರಾತ್ರಿ ಮನೆಯಲ್ಲಿ ಬೆಸೆದ. ಮರುದಿನದ ಚಳಿ ಇನ್ನೂ ನೆನಪಿದೆ. ಸ್ವೆಟರ್ ಹಾಕಿಕೊಂಡೇ ಮಕ್ಕಳು ಸಾಲಾಗಿ ನಿಂತಿದ್ದರು. ತೀರ್ಪುಗಾರರು ಬಂದರು, ಪರದೆ ಎಳೆದೆವು. ದೀಪ ಹತ್ತಿತು, ಆದರೆ ಅರ್ಧ ಜೀವದಲ್ಲಿ, ಹಳದಿಯಾಗಿ, ಮಿಣಮಿಣನೆ ನಡುಗುತ್ತ. ನಾನು ಎಲ್ಲರ ಮುಂದೆ ಹೇಳಿದೆ: "ಬೆಸುಗೆ ಸರಿಯಾಗಿ ಹಾಕಿಲ್ಲ ಇವನು. ಅವಸರದ ಕೆಲಸ." ಹುಡುಗ ತಲೆ ತಗ್ಗಿಸಿದ. ಒಂದು ಮಾತನ್ನೂ ಆಡಲಿಲ್ಲ. ಅನಂತರ ವಿಜ್ಞಾನ ಸಂಘಕ್ಕೆ ಅವನು ಬರಲಿಲ್ಲ.

ಆ ವರ್ಷದ ಬೇಸಿಗೆ ರಜೆಯಲ್ಲಿ ಸ್ನೇಹಿತರೊಬ್ಬರ ಮನೆಯಲ್ಲಿ ಅರೆವಾಹಕಗಳ ಮಾಹಿತಿ ಪುಸ್ತಕವೊಂದನ್ನು ತಿರುವುತ್ತಿದ್ದಾಗ ಬಿಟಿ 136ರ ಪುಟ ಸಿಕ್ಕಿತು. ನಾನು ಬರೆದುಕೊಂಡಿದ್ದ 5 ಅಲ್ಲಿತ್ತು. ಆದರೆ ಅದು ಇದ್ದದ್ದು 'ಟಿಪಿಕಲ್' ಎಂಬ ಅಂಕಣದಲ್ಲಿ. ಅಂದರೆ ಸಾಮಾನ್ಯವಾಗಿ ಕಾಣಬರುವ ಮೌಲ್ಯ. ಅದರ ಪಕ್ಕದಲ್ಲಿ 'ಗರಿಷ್ಠ' ಎಂಬ ಇನ್ನೊಂದು ಅಂಕಣವಿದ್ದು, ಅಲ್ಲಿ 35 ಎಂದಿತ್ತು. ಅದೂ ಮೊದಲ ಸಾಲಿನದು ಮಾತ್ರ. ಸಾಲುಗಳಿದ್ದದ್ದು ನಾಲ್ಕು.

ನಾಲ್ಕು ಏಕೆ? ಟ್ರಯಾಕಿನ ಮುಖ್ಯ ತುದಿ ಒಂದು ಅರ್ಧಾವರ್ತದಲ್ಲಿ ಧನ, ಇನ್ನೊಂದರಲ್ಲಿ ಋಣ. ಗೇಟಿಗೆ ಕೊಡುವ ಪ್ರವಾಹವೂ ಧನ ಅಥವಾ ಋಣ. ಹೀಗೆ ನಾಲ್ಕು ಸನ್ನಿವೇಶಗಳು. ಮೊದಲ ಮೂರಕ್ಕೆ ಸಾಮಾನ್ಯ ಮೌಲ್ಯ 5, 8, 11 ಮಿಲಿ ಆಂಪಿಯರ್. ಮೂರಕ್ಕೂ ಗರಿಷ್ಠ 35. ನಾಲ್ಕನೆಯದು, ಎಂದರೆ ಮುಖ್ಯ ತುದಿ ಋಣವಾಗಿ ಗೇಟ್ ಧನವಾಗಿರುವಾಗ, ಟ್ರಯಾಕ್ ಬಲು ಮೊಂಡು: ಸಾಮಾನ್ಯ 30, ಗರಿಷ್ಠ 70. ನಾವು ಗೇಟಿಗೆ ಸದಾ ಧನ ಪ್ರವಾಹವನ್ನೇ ಕೊಡುತ್ತಿದ್ದೆವು. ಆದ್ದರಿಂದ ಒಂದು ಅರ್ಧಾವರ್ತ ಮೊದಲ ಸಾಲಿಗೆ ಸೇರಿದರೆ ಮುಂದಿನದು ನಾಲ್ಕನೆಯ ಸಾಲಿಗೆ ಸೇರುತ್ತಿತ್ತು. ನನ್ನ ಆರು ಪಟ್ಟಿನ ಭದ್ರತೆ ಅಲ್ಲಿ ಒಂದು ಪಟ್ಟೂ ಅಲ್ಲ. ಮೊದಲ ಟ್ರಯಾಕ್ 31ಕ್ಕೆ ತೆರೆದುಕೊಂಡದ್ದು ನಮ್ಮ ಅದೃಷ್ಟ. ಎರಡನೆಯದಕ್ಕೆ ಸ್ವಲ್ಪ ಹೆಚ್ಚು ಬೇಕಿತ್ತು. ಸಾಲದ್ದಕ್ಕೆ, ಪುಸ್ತಕದ ಅಂಕಿಗಳು 25 ಡಿಗ್ರಿ ಸೆಲ್ಸಿಯಸ್ಸಿಗೆ ಕೊಟ್ಟವು. ಚಳಿ ಹೆಚ್ಚಿದಷ್ಟೂ ಗೇಟಿನ ಬೇಡಿಕೆಯೂ ಏರುತ್ತದೆ. ಹಾಗಾಗಿ ಒಂದು ಬಿಟ್ಟು ಒಂದು ಅರ್ಧಾವರ್ತ ತಪ್ಪಿಹೋಯಿತು, ದೀಪ ನಡುಗಿತು. ಟ್ರಯಾಕ್ ಕೆಟ್ಟಿರಲಿಲ್ಲ, ಬೆಸುಗೆಯೂ ಕೆಟ್ಟಿರಲಿಲ್ಲ.

ಸರಿಯಾದ ಲೆಕ್ಕ ಹೀಗಿರಬೇಕಿತ್ತು. ಗರಿಷ್ಠ ಅಂಕಣದ 70ನ್ನು ತೆಗೆದುಕೊಂಡು, ಚಳಿಗೆಂದು ಕಾಲು ಭಾಗ ಸೇರಿಸಿದರೆ ಸುಮಾರು 88. 10.2 ವೋಲ್ಟನ್ನು 0.088ರಿಂದ ಭಾಗಿಸಿದರೆ ಸುಮಾರು 116 ಓಮ್. ಅಂಗಡಿಯಲ್ಲಿ ಸುಲಭವಾಗಿ ಸಿಗುವ, ಅದಕ್ಕಿಂತ ಕೆಳಗಿನ ರೋಧಕ 100 ಓಮಿನದು. ಅದನ್ನು ಹಾಕಿದ್ದರೆ 102 ಮಿಲಿ ಆಂಪಿಯರ್ ಹರಿದು ಯಾವ ಟ್ರಯಾಕ್ ತಂದರೂ ದೀಪ ಉರಿಯುತ್ತಿತ್ತು. ಇನ್ನೂ ಜಾಣತನದ ದಾರಿಯೆಂದರೆ 12 ವೋಲ್ಟಿನ ಜೋಡಣೆಯನ್ನು ತಿರುಗಿಸಿ ಗೇಟಿನಿಂದ ಪ್ರವಾಹವನ್ನು ಹೊರಗೆ ಎಳೆಯುವುದು. ಆಗ ಕಷ್ಟದ ನಾಲ್ಕನೆಯ ಸಾಲು ಬರುವುದೇ ಇಲ್ಲ. 35ಕ್ಕೆ ಕಾಲು ಭಾಗ ಸೇರಿಸಿ 44. ರೋಧಕ 220 ಓಮ್. ಒಂದು ರೂಪಾಯಿಯೂ ಹೆಚ್ಚು ಖರ್ಚಾಗುತ್ತಿರಲಿಲ್ಲ.

ಫ್ಯಾನಿನ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಅದರ ಸುರುಳಿಯಲ್ಲಿ ಪ್ರವಾಹ ನಿಧಾನವಾಗಿ ಏರುತ್ತದೆ. ಅದು ಟ್ರಯಾಕನ್ನು ತೆರೆದಿಡುವ ಮಟ್ಟ ಮುಟ್ಟುವವರೆಗೆ, ಬಿಟಿ 136ಕ್ಕೆ ಹೆಚ್ಚೆಂದರೆ 30 ಮಿಲಿ ಆಂಪಿಯರ್, ಗೇಟಿನ ಪ್ರವಾಹ ನಿಲ್ಲಬಾರದು. ಒಂದೇ ದಿಕ್ಕಿನ ಅರ್ಧಾವರ್ತಗಳು ತಪ್ಪುತ್ತಿದ್ದರೆ ಬಲ್ಬು ಬರಿದೇ ಮಿಣುಕುತ್ತದೆ. ಫ್ಯಾನು ಗುಂಯ್‌ಗುಡುತ್ತ ಕಾಯುತ್ತದೆ. ಇಂಥ ಮಂಡಲದಲ್ಲಿ ಗೇಟಿನ ತಂತಿಯೂ ಮನೆಯ 230 ವೋಲ್ಟಿಗೆ ಸೇರಿಕೊಂಡಿರುತ್ತದೆ. ಆದ್ದರಿಂದ ಇದನ್ನು ಓದಿ ಯಾರೂ ರೆಗ್ಯುಲೇಟರ್ ಬಿಚ್ಚಬೇಡಿ.

ಬಿ.ಎಡ್. ಓದುವಾಗ ಪಾಠಯೋಜನೆ ಬರೆಯುತ್ತ ತರಗತಿಯ ಸಾಮಾನ್ಯ ವಿದ್ಯಾರ್ಥಿಯನ್ನು ಕಣ್ಣಮುಂದಿಟ್ಟುಕೊಳ್ಳುವುದನ್ನು ರೂಢಿ ಮಾಡಿಕೊಂಡಿದ್ದೆ. ಆ ವಿದ್ಯಾರ್ಥಿಗೆ ಅರ್ಥವಾದರೆ ಪಾಠ ಮುಗಿಯಿತು. ಆ ಪುಟ ನೋಡಿದ ಮೇಲೆ ಹಾಗೆ ಪಾಠ ಮಾಡಲು ಮನಸ್ಸು ಬರಲಿಲ್ಲ. ಹಿಂದಿನ ಬೆಂಚಿನಲ್ಲಿ ಎಪ್ಪತ್ತು ಬೇಡುವವನೂ ಇರುತ್ತಾನೆ. ಮೂವತ್ತೊಂದು ಕೊಟ್ಟು ಅವನನ್ನು ದಡ್ಡನೆಂದರೆ ತಪ್ಪು ಅವನದಲ್ಲ. ಅಂದಿನಿಂದ ಮುಂದಿನ ತರಗತಿಗಳವರು ನನ್ನ ಪಾಠವನ್ನು ಸಹಿಸಿಕೊಂಡಿದ್ದರೆ ಅದಕ್ಕೆ ಆ ನಾಲ್ಕನೆಯ ಸಾಲೂ ಕಾರಣ.

ಆದರೆ ಆ ಹುಡುಗ ಎಸ್ಸೆಸ್ಸೆಲ್ಸಿ ಮುಗಿಸಿ ಹೋಗಿಬಿಟ್ಟಿದ್ದ. ನಾನು ಹುಡುಕಬಹುದಿತ್ತು. ಜಯನಗರದಿಂದ ಅವನ ಮನೆ ಎಷ್ಟು ದೂರ? ಹುಡುಕಲಿಲ್ಲ. ಮೇಷ್ಟ್ರ ಅಭಿಮಾನ ಬಿಡಲಿಲ್ಲ ಎಂಬುದೇ ಸತ್ಯ.

ಇಂದು ಹಂತಹಂತವಾಗಿ ತಿರುಗುವ ಫ್ಯಾನಿನ ರೆಗ್ಯುಲೇಟರುಗಳಲ್ಲಿ ಅನೇಕವು ಕೆಪಾಸಿಟರಿನವು. ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನುಗಳಿಗೆ ಹೊರಗಿನ ರೆಗ್ಯುಲೇಟರೇ ಬೇಡ. 60 ವ್ಯಾಟಿನ ಬಲ್ಬಿನ ಜಾಗಕ್ಕೆ 9 ವ್ಯಾಟಿನ ಎಲ್‌ಇಡಿ ಬಂದಿದೆ. ಹಳೆಯ ಡಿಮ್ಮರಿಗೆ ಅದನ್ನು ಹಾಕಿ "ಮಿನುಗುತ್ತದೆ" ಎಂದು ದೂರುವವರು, ಟ್ರಯಾಕನ್ನು ತೆರೆದಿಡುವಷ್ಟು ಪ್ರವಾಹವನ್ನು ಅದು ಎಳೆಯದಿರಬಹುದೆಂಬುದನ್ನು ಗಮನಿಸಬೇಕು.

ಅಂದು ಕಲ್ಯಾಣಮಂಟಪದಲ್ಲಿ, ಕೈಯಲ್ಲಿ ತಾಂಬೂಲದ ಚೀಲ ಹಿಡಿದು ನಿಂತೇ, ಆತನಿಗೆ ಹೇಳಿದೆ: "ತಪ್ಪು ನಿನ್ನ ಬೆಸುಗೆಯದಲ್ಲಪ್ಪ, ನನ್ನ ಲೆಕ್ಕದ್ದು. ಎಲ್ಲರ ಮುಂದೆ ಬೈದೆ. ಕ್ಷಮಿಸು."

ಆತ ನಕ್ಕ. "ಗೊತ್ತು ಸಾರ್. ಡಿಪ್ಲೊಮಾ ಎರಡನೇ ವರ್ಷದಲ್ಲಿ ಆ ನಾಲ್ಕನೇ ಸಾಲನ್ನು ನಾನೂ ನೋಡಿದೆ."

"ಹಾಗಿದ್ದರೆ ಬಂದು ಹೇಳಬಹುದಿತ್ತಲ್ಲ?"

"ಹೇಗೆ ಸಾರ್ ಹೇಳೋದು? ನೀವು ಮೇಷ್ಟ್ರು." ಸ್ವಲ್ಪ ತಡೆದು ಹೇಳಿದ: "ಅವತ್ತು ರಾತ್ರಿ ಮೂರು ಸಲ ಬಿಚ್ಚಿ ಬೆಸೆದಿದ್ದೆ ಸಾರ್."

ಮನೆಗೆ ಬಂದು ಹಳೆಯ ಡಬ್ಬಿ ತೆಗೆದೆ. 330 ಓಮಿನ ಅಂಥ ರೋಧಕಗಳು ಇನ್ನೂ ನಾಲ್ಕಾರು ಇದ್ದವು. ಒಂದನ್ನು ಮೇಜಿನ ಮೇಲೆ ಇಟ್ಟುಕೊಂಡೇ ಇದನ್ನು ಬರೆದಿದ್ದೇನೆ. ಓದಿದವರಲ್ಲಿ ಯಾರಿಗಾದರೂ ನನ್ನ ಲೆಕ್ಕದಲ್ಲಿ ಇನ್ನೂ ತಪ್ಪು ಕಂಡರೆ, ನಾನು ಮೇಷ್ಟ್ರೆಂದು ಸಂಕೋಚಪಡದೆ ತಿಳಿಸಿ. ಈ ಸಲ ಬೆಸುಗೆಯನ್ನು ದೂರುವುದಿಲ್ಲ.