ಅಮ್ಮ ಓವರ್‌ಸೀ ಮಾಡುತ್ತಾಳೆ

2016ರ ಮಾತು. ಒಂಬತ್ತನೇ ತರಗತಿಗೆ ಒಂದು ಕಿರುಪರೀಕ್ಷೆ ಕೊಟ್ಟಿದ್ದೆ. ಐದು ಇಂಗ್ಲಿಷ್ ಕ್ರಿಯಾಪದಗಳು, ಸ್ವಂತ ವಾಕ್ಯದಲ್ಲಿ ಬಳಸಬೇಕು, ಒಂದಕ್ಕೆ ಒಂದು ಅಂಕ. ಅದರಲ್ಲಿ 'ಓವರ್‌ಸೀ' ಎಂಬುದೂ ಒಂದು. ಸ್ವಂತ ವಾಕ್ಯ ಎಂದರೆ ನಮ್ಮ ಮಕ್ಕಳಿಗೆ ಗೈಡಿನ ವಾಕ್ಯ ಎಂದೇ ಅರ್ಥ. ಹೆಚ್ಚಿನವರು 'ಇಂಜಿನಿಯರು ಸೇತುವೆಯ ಕೆಲಸವನ್ನು ಓವರ್‌ಸೀ ಮಾಡುತ್ತಾರೆ' ಎಂಬುದನ್ನೇ ಇಂಗ್ಲಿಷಿನಲ್ಲಿ ಒಪ್ಪವಾಗಿ ಬರೆದಿದ್ದರು. ಮೂವತ್ತು ಉತ್ತರಪತ್ರಿಕೆಗಳಲ್ಲಿ ಮೂವತ್ತು ಸೇತುವೆ ದಾಟಿ ಬಂದ ಮೇಲೆ ಒಬ್ಬ ಹುಡುಗಿಯ ವಾಕ್ಯ ಸಿಕ್ಕಿತು: 'ನನ್ನ ಅಮ್ಮ ನಮ್ಮ ಅಜ್ಜಿಯನ್ನು, ಎರಡು ಹಸುಗಳನ್ನು ಮತ್ತು ನಮ್ಮನ್ನು ಓವರ್‌ಸೀ ಮಾಡುತ್ತಾಳೆ.'

ಓದಿ ನಗು ಬಂತು. ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಮೇಲೆ 'ಲುಕ್ಸ್ ಆಫ್ಟರ್' ಎಂದು ತಿದ್ದಿ ಸೊನ್ನೆ ಕೊಟ್ಟೆ. ಸಾಲದ್ದಕ್ಕೆ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಎರಡು ಹಸುಗಳ ಹತ್ತಿರ ಎಲ್ಲರೂ ನಕ್ಕರು.

ಮರುದಿನ ಹುಡುಗಿ ಬಾಗಿಲಲ್ಲಿ ನಿಂತಿದ್ದಳು. "ಮಿಸ್, ಇಂಜಿನಿಯರು ಅಂತ ಬರೆದ್ರೆ ಸರಿ, ಅಮ್ಮ ಅಂತ ಬರೆದ್ರೆ ಯಾಕೆ ತಪ್ಪು?"

"ಓವರ್‌ಸೀ ಅಂದ್ರೆ ಬೇರೆಯವರ ಕೈಲಿ ಕೆಲಸ ಮಾಡಿಸೋದು ಕಣೇ. ನಿಮ್ಮಮ್ಮ ತಾನೇ ಮಾಡ್ತಾರಲ್ಲ."

"ಮಾಡಿಸೋದೂ ಅಮ್ಮನೇ ಮಿಸ್. ಅಮ್ಮ ಊರಿಗೆ ಹೋದ್ರೆ ನಮ್ಮನೇಲಿ ಯಾರೂ ಏನೂ ಮಾಡಲ್ಲ."

ಬೆಲ್ ಹೊಡೆಯಿತು. ನಾನು ಹಾಜರಿ ಪುಸ್ತಕ ಎತ್ತಿಕೊಂಡು ಎದ್ದೆ. ಉತ್ತರ ಇಲ್ಲದಾಗ ಮೇಷ್ಟರುಗಳನ್ನು ಕಾಪಾಡುವುದು ಬೆಲ್ಲೇ.

ಆದರೆ ಆ ಪದ ನನ್ನನ್ನು ಬಿಡಲಿಲ್ಲ. ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಯ ಕೊನೆಯಲ್ಲಿ 'ಓವರ್‌ಸೀಯರ್ ಮನೆ' ಎಂದೇ ಒಂದು ಮನೆಯಿತ್ತು. ಅವರು ನಿವೃತ್ತರಾಗಿ, ತೀರಿಕೊಂಡು, ಆ ಹುದ್ದೆಯ ಹೆಸರೇ ಜೂನಿಯರ್ ಇಂಜಿನಿಯರ್ ಎಂದಾದ ಮೇಲೂ ಮನೆಗೆ ಆ ಹೆಸರೇ ಉಳಿಯಿತು. ಅವರು ಸೈಕಲ್ಲಿನಲ್ಲಿ ಬಂದು, ಛತ್ರಿ ಬಿಡಿಸಿ, ಜಲ್ಲಿ ಹೊರುವ ಹೆಂಗಸರನ್ನು ನೋಡುತ್ತ ನಿಲ್ಲುತ್ತಿದ್ದುದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ನನ್ನ ತಲೆಯಲ್ಲಿ ಓವರ್‌ಸೀ ಎಂದರೆ ಆ ಛತ್ರಿ. ಈ ಓವರ್‌ಸೀಯರ್ ನಮ್ಮ ದೇಶಕ್ಕೆ ಬಂದದ್ದು ಕಂಪನಿ ಸರ್ಕಾರದ ಕಾಲುವೆ, ರಸ್ತೆಗಳ ಜೊತೆಗೆ. ಗಂಗಾ ಕಾಲುವೆ ತೋಡುತ್ತಿದ್ದ ಕಾಲದಲ್ಲಿ, 1847ರಲ್ಲಿ, ರೂರ್ಕಿಯಲ್ಲಿ ಇಂಜಿನಿಯರಿಂಗ್ ಕಾಲೇಜು ತೆರೆದರು. ಅಲ್ಲಿ ಇಂಜಿನಿಯರುಗಳ ಜೊತೆಗೆ ಓವರ್‌ಸೀಯರು, ಸಬ್ ಓವರ್‌ಸೀಯರುಗಳನ್ನೂ ತಯಾರು ಮಾಡುತ್ತಿದ್ದರು. 1854ರಲ್ಲಿ ಡಾಲ್‌ಹೌಸಿ ಲೋಕೋಪಯೋಗಿ ಇಲಾಖೆಯನ್ನು ಕಟ್ಟಿದ ಮೇಲೆ ಈ ಮೆಟ್ಟಿಲುಗಳು ದೇಶದಲ್ಲೆಲ್ಲ ಗಟ್ಟಿಯಾದವು.

ಪದವನ್ನೇ ಬಿಡಿಸಿ ನೋಡಿದರೆ 'ಓವರ್' ಎಂದರೆ ಮೇಲೆ, 'ಸೀ' ಎಂದರೆ ನೋಡು. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಮೇಲಿನಿಂದ ನೋಡು, ಕಾವಲಿರು ಎಂಬ ಅರ್ಥವಿತ್ತು. 'ಸೂಪರ್‌ವೈಸ್' ಎಂಬುದೂ ಲ್ಯಾಟಿನ್ ವೇಷ ಹಾಕಿದ ಅದೇ ಮೇಲಿನ ನೋಟ. ಕ್ರೈಸ್ತರ 'ಬಿಷಪ್' ಕೂಡ 'ಎಪಿಸ್ಕೊಪೊಸ್' ಎಂಬ ಗ್ರೀಕ್ ಪದದಿಂದ ಬಂದದ್ದು, ಅದಕ್ಕೂ ಮೇಲ್ನೋಟದವನು ಎಂದೇ ಅರ್ಥ. ಒಟ್ಟಿನಲ್ಲಿ ನೋಡುವವನು ಮೇಲೆ, ದುಡಿಯುವವನು ಕೆಳಗೆ. ಅಮೆರಿಕದ ತೋಟಗಳಲ್ಲಿ ಈ ಪದ ಎಂಥದ್ದಾಗಿತ್ತೆಂದು ತಿಳಿಯಬೇಕಾದರೆ ಫ್ರೆಡರಿಕ್ ಡಗ್ಲಾಸ್ 1845ರಲ್ಲಿ ಪ್ರಕಟಿಸಿದ ಆತ್ಮಕಥೆ ಓದಬೇಕು. ಗುಲಾಮನಾಗಿ ಹುಟ್ಟಿ ತಪ್ಪಿಸಿಕೊಂಡು ಬಂದ ಆತ ಬರೆಯುವ ಓವರ್‌ಸೀಯರುಗಳ ಕೈಯಲ್ಲಿರುವುದು ಛತ್ರಿಯಲ್ಲ, ಚಾವಟಿ. ಅದನ್ನು ಓದಿದ ರಾತ್ರಿ, ಆ ಹುಡುಗಿಯ ಅಮ್ಮನಿಗೆ ಈ ಪದ ಬೇಡವೇ ಬೇಡ, ನಾನು ಸೊನ್ನೆ ಕೊಟ್ಟದ್ದೇ ಪುಣ್ಯದ ಕೆಲಸ ಎಂದು ಸಮಾಧಾನ ಮಾಡಿಕೊಂಡೆ.

ಸಮಾಧಾನ ಬಹಳ ದಿನ ಉಳಿಯಲಿಲ್ಲ. ಯಾಕೆಂದರೆ ಇಂಗ್ಲೆಂಡಿನಲ್ಲೇ ಈ ಪದಕ್ಕೆ ಇನ್ನೊಂದು ಸಂಸಾರವಿತ್ತು. ಎಲಿಜಬೆತ್ ರಾಣಿಯ ಕಾಲದ 1601ರ ಬಡವರ ಕಾಯ್ದೆಯಂತೆ ಪ್ರತಿ ಪ್ಯಾರಿಷ್‌ನಲ್ಲಿ, ಅಂದರೆ ಒಂದು ಚರ್ಚಿಗೆ ಸೇರಿದ ಊರಿನಲ್ಲಿ, ವರ್ಷಕ್ಕೊಮ್ಮೆ ಅನುಕೂಲಸ್ಥ ಗೃಹಸ್ಥರನ್ನು ಆರಿಸಿ 'ಬಡವರ ಓವರ್‌ಸೀಯರ್' ಎಂದು ನೇಮಿಸುತ್ತಿದ್ದರು. ಉಳ್ಳವರಿಂದ ತೆರಿಗೆ ಎತ್ತಿ ಮುದುಕರಿಗೆ, ಕುಂಟರಿಗೆ, ಕುರುಡರಿಗೆ ಹಂಚುವುದು, ಕೆಲಸವಿಲ್ಲದವರಿಗೆ ಕೆಲಸ ಕೊಡುವುದು, ಬಡಮಕ್ಕಳನ್ನು ಕಸುಬಿಗೆ ಹಚ್ಚುವುದು ಅವರ ಕರ್ತವ್ಯ. ಅದಕ್ಕೆ ಕಾಯ್ದೆ ಸಂಬಳವನ್ನೇನೂ ಗೊತ್ತುಮಾಡಿರಲಿಲ್ಲ. ಈ ಪಟ್ಟಿ ಓದುವಾಗ ನನಗೆ ನಮ್ಮ ಮನೆಗಳೇ ನೆನಪಾದವು. ಅತ್ತೆಯ ಮಾತ್ರೆ, ಮಗುವಿನ ಫೀಸು, ಕೆಲಸ ಕಳೆದುಕೊಂಡು ಕೂತ ಮೈದುನ! ಹಾಗೆಂದು ಆ ಓವರ್‌ಸೀಯರುಗಳೆಲ್ಲ ದಯಾಳುಗಳೇನಲ್ಲ. ತಮ್ಮ ಊರಿನ ತೆರಿಗೆ ಉಳಿಸಲು ಪರವೂರಿನ ಬಡಬಸುರಿಯರನ್ನು ಹೆರಿಗೆಗೆ ಮೊದಲೇ ಗಡಿ ದಾಟಿಸಿದವರೂ ಅವರಲ್ಲಿದ್ದರು.

ನಾನು ನಿಜವಾಗಿ ಹೇಳಬೇಕೆಂದಿದ್ದುದು 1788ರ ಮೊಕದ್ದಮೆಯ ವಿಷಯ. ಸ್ಟಾಫರ್ಡ್‌ಷೈರಿನಲ್ಲಿ ಬಡವರ ಓವರ್‌ಸೀಯರ್ ಆಗಿ ನೇಮಕವಾದವರಲ್ಲಿ ಆಲಿಸ್ ಸ್ಟಬ್ಸ್ ಎಂಬ ಹೆಂಗಸಿದ್ದಳು. ಹೆಂಗಸು ಓವರ್‌ಸೀಯರ್ ಆಗಬಹುದೆ ಎಂಬ ತಕರಾರು ಲಂಡನ್ನಿನ ಕಿಂಗ್ಸ್ ಬೆಂಚ್ ನ್ಯಾಯಾಲಯದವರೆಗೂ ಹೋಯಿತು. ಕಾಯ್ದೆಯಲ್ಲಿರುವುದು 'ಅನುಕೂಲಸ್ಥ ಗೃಹಸ್ಥರು' ಎಂಬ ಮಾತು. ಮನೆ ನಡೆಸುವವರು ಗಂಡಸೇ ಆಗಿರಬೇಕೆಂದು ಅದರಲ್ಲಿ ಹೇಳಿಲ್ಲ. ಆದ್ದರಿಂದ ಹೆಂಗಸು ಆಗಬಹುದು ಎಂದು ತೀರ್ಪಾಯಿತು. ಇಂಗ್ಲೆಂಡಿನ ಹೆಂಗಸರಿಗೆ ಪಾರ್ಲಿಮೆಂಟಿಗೆ ಓಟು ಹಾಕುವ ಹಕ್ಕು ಬಂದದ್ದು 1918ರಲ್ಲಿ, ಅದೂ ಮೂವತ್ತು ತುಂಬಿದ ಕೆಲವರಿಗೆ. ಅದಕ್ಕೆ ನೂರಮೂವತ್ತು ವರ್ಷ ಮೊದಲೇ ಅವರು ಓವರ್‌ಸೀ ಮಾಡಬಹುದೆಂದು ನ್ಯಾಯಾಧೀಶರು ಒಪ್ಪಿದ್ದರು. ಒಪ್ಪದೆ ಇದ್ದವಳು ನಾನು, ಕೆಂಪು ಪೆನ್ನು ಹಿಡಿದ ಬಿಎ ಬಿಎಡ್‌ನವಳು.

ನಮ್ಮ ಕನ್ನಡದ ಪದಗಳಾದರೂ ಎಂಥವು ನೋಡಿ. ಜಿಲ್ಲೆಗೆ ಮಂತ್ರಿ ಬಂದರೆ 'ಉಸ್ತುವಾರಿ' ಸಚಿವರು. ಪರೀಕ್ಷೆಯ ಕೊಠಡಿಯಲ್ಲಿ ಮೂರು ಗಂಟೆ ನಿಂತರೆ ನಾನು 'ಕೊಠಡಿ ಮೇಲ್ವಿಚಾರಕಿ'. ಮನೆಗೆ ಬಂದು ಅದೇ ಕಾಲಲ್ಲಿ ಮತ್ತೆ ಮೂರು ಗಂಟೆ ನಿಂತರೆ ಅದಕ್ಕೆ 'ಮನೇಲಿ ನೋಡ್ಕೋತಾರೆ' ಎಂಬ ಮಾತಷ್ಟೆ. ಆದರೂ ನನಗೆ ಆ 'ನೋಡಿಕೊಳ್ಳು' ಇಷ್ಟವೇ. ಮೇಲಿನಿಂದ ನೋಡುವ ಮಾತಿಲ್ಲ ಅದರಲ್ಲಿ, ನೋಡಿ ಹತ್ತಿರಕ್ಕೆ ತೆಗೆದುಕೊಳ್ಳುವ ಮಾತಿದೆ. 'ವಿಚಾರಣೆ' ಎಂಬುದು ಪೊಲೀಸರ ಬಾಯಲ್ಲಿ ಒಂದು, 'ನೆಂಟರನ್ನು ಚೆನ್ನಾಗಿ ವಿಚಾರಿಸಿಕೊಂಡರು' ಎನ್ನುವಾಗ ಇನ್ನೊಂದು. ಇಂಗ್ಲಿಷಿನ 'ಓವರ್‌ಸೈಟ್' ಕೂಡ ಹಾಗೇ ಎರಡು ಮುಖದ್ದು. ಮೇಲ್ವಿಚಾರಣೆಗೂ ಅದೇ ಪದ, ಕಣ್ತಪ್ಪಿಗೂ ಅದೇ ಪದ. ನನ್ನದು ಎರಡನೆಯದು.

ವ್ಯಾಕರಣದ ಲೆಕ್ಕಕ್ಕೆ ಹುಡುಗಿಯ ವಾಕ್ಯ ಪೂರ್ತಿ ಸರಿಯಲ್ಲ. ಅಜ್ಜಿಯನ್ನೂ ಹಸುವನ್ನೂ ಓವರ್‌ಸೀ ಮಾಡುವುದು ಇಂಗ್ಲಿಷಿನ ರೂಢಿಯಲ್ಲ. 'ನನ್ನ ಅಮ್ಮ ಮನೆಯ ಕೆಲಸಗಳನ್ನೆಲ್ಲ ಓವರ್‌ಸೀ ಮಾಡುತ್ತಾಳೆ' ಎಂದರೆ ಯಾವ ಪರೀಕ್ಷಕರೂ ಅಂಕ ಕತ್ತರಿಸುವಂತಿಲ್ಲ. ಒಂದೇ ಒಂದು ಪದ ತಿದ್ದಿ ಅರ್ಧ ಅಂಕ ಕೊಡಬಹುದಾಗಿತ್ತು. ನಾನು ತಿದ್ದಿದ್ದು ಕ್ರಿಯಾಪದವನ್ನು. ಇಂಜಿನಿಯರಿಗೊಂದು ಕ್ರಿಯಾಪದ, ಅಮ್ಮನಿಗೊಂದು ಕ್ರಿಯಾಪದ ಎಂದು ಹಂಚಿಕೊಟ್ಟುಬಿಟ್ಟಿದ್ದೆ.

ಎರಡು ವಾರ ಕಳೆದು ಪೋಷಕರ ಸಭೆ. ಹುಡುಗಿಯ ಅಮ್ಮ ತಡವಾಗಿ ಬಂದರು. ಡೈರಿಗೆ ಹಾಲು ಹಾಕಿ ಬಂದೆ ಮಿಸ್ ಎಂದರು. ನಾನು ಆ ಉತ್ತರಪತ್ರಿಕೆ ತೆಗೆಸಿ, ವಾಕ್ಯದ ಅರ್ಥ ಹೇಳಿ, ಅಂಕ ಕೊಡದಿದ್ದುದು ನನ್ನ ತಪ್ಪು ಎಂದೆ. ಅವರಿಗೆ ಸಂಕೋಚವಾಯಿತು. "ಒಂದು ಮಾರ್ಕಿಗೆ ಹೋಗಿ ನಿಮ್ಮನ್ನ ಕೇಳಿದ್ಲಾ? ಬಯ್ತೀನಿ ತಡೀರಿ" ಎಂದು ಮಗಳ ಕಡೆ ನೋಡಿದರು. ಮಗಳು ನೆಲ ನೋಡುತ್ತಿದ್ದಳು, ನಗು ತಡೆದುಕೊಂಡಿದ್ದಳು.

ಪ್ರೋಗ್ರೆಸ್ ಕಾರ್ಡನ್ನು ಮುಂದಿಟ್ಟೆ. ಪೋಷಕರ ಸಹಿಯ ಸಾಲಿನಲ್ಲಿ ಅದುವರೆಗೆ ಇದ್ದದ್ದು ಅವಳ ಅಪ್ಪನ ಸಹಿ. "ಅವರು ಬಂದಿಲ್ವಲ್ಲ ಮಿಸ್, ಮನೆಗೆ ತಗೊಂಡೋಗಿ ಹಾಕಿಸ್ಕೊಡ್ಲಾ?" ಎಂದು ಕೇಳಿದರು. ನೀವೇ ಹಾಕಿ ಎಂದೆ. ಪೆನ್ನು ತೆಗೆದುಕೊಂಡು, ಕೈಯನ್ನು ಸೆರಗಿಗೆ ಒರೆಸಿಕೊಂಡು, ಒಂದೊಂದೇ ಅಕ್ಷರವಾಗಿ ಹೆಸರು ಬರೆದರು. ಸಾಲು ಸಾಲದೆ ಕೊನೆಯ ಅಕ್ಷರ ಪಕ್ಕದ ಕೋಣೆಗೆ ಹೋಯಿತು.