ಯಲ್ಲಾಪುರ ಸೀಮೆಯಲ್ಲಿ ಗೂಬೆಗಳ ಛಾಯಾಗ್ರಹಣ

ಯಲ್ಲಾಪುರ, ಶಿರಸಿ, ಸಿದ್ದಾಪುರದ ಮನೆಗಳಿಗೆ ಗೂಬೆ ಮೊದಲು ಪರಿಚಯವಾಗುವುದು ದನಿಯಿಂದ. ಅಡಿಕೆ ತೋಟದ ಮೇಲಿನ ಸೊಪ್ಪಿನ ಬೆಟ್ಟದಿಂದ ಕಾಡುಗೂಬೆ ಕೂಗುತ್ತದೆ, ಹಳ್ಳದ ಕಡೆಯಿಂದ ಮೀನುಗೂಬೆ ಗುಮ್ಮೆನ್ನುತ್ತದೆ. ಕಣ್ಣಿಗೆ ಬೀಳುವುದು ಅಪರೂಪ. ಬೇಡ್ತಿ, ಕಾಳಿ, ಅಘನಾಶಿನಿ ಕಣಿವೆಗಳ ದಟ್ಟ ಮರಗಳಡಿ ಸೂರ್ಯ ಮುಳುಗುವ ಮೊದಲೇ ಕ್ಯಾಮೆರಾಕ್ಕೆ ಬೆಳಕು ಸಾಲದಾಗುತ್ತದೆ.

ಈ ಜಿಲ್ಲೆಯ ಹಕ್ಕಿಗಳು ಮೊದಲು ದಾಖಲಾದದ್ದು ಬರಹದಲ್ಲಿ. ಐಸಿಎಸ್ ಅಧಿಕಾರಿ ಜೆ. ಡೇವಿಡ್ಸನ್ ಉತ್ತರ ಕನ್ನಡದ ಹಕ್ಕಿಗಳ ಕುರಿತು ಬರೆದ ಲೇಖನಗಳು 1898ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿಯತಕಾಲಿಕದಲ್ಲಿ ಬಂದವು. ಆ ಕಾಲದಲ್ಲಿ ಹಕ್ಕಿಯನ್ನು ಖಚಿತಪಡಿಸಿಕೊಳ್ಳಲು ಬಹುಮಟ್ಟಿಗೆ ಬಂದೂಕೇ ಬೇಕಿತ್ತು.

ರಾತ್ರಿಯ ಚಿತ್ರಕ್ಕೆ ದಾರಿ ತೆರೆದದ್ದು 1887ರಲ್ಲಿ ಜರ್ಮನಿಯಲ್ಲಿ ರೂಪುಗೊಂಡ ಮೆಗ್ನೀಸಿಯಂ ಮಿಂಚುಪುಡಿ. ಅಮೆರಿಕದ ಜಾರ್ಜ್ ಶಿರಾಸ್ ಇರುಳಿನ ಪ್ರಾಣಿಗಳನ್ನು ಸೆರೆಹಿಡಿದ ಚಿತ್ರಗಳು 1906ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್‌ನಲ್ಲಿ ಪ್ರಕಟವಾದವು. ಭಾರತದ ಕಾಡಿನಲ್ಲಿ ಅರಣ್ಯಾಧಿಕಾರಿ ಎಫ್.ಡಬ್ಲ್ಯು. ಚಾಂಪಿಯನ್, ಹುಲಿಯೇ ತಂತಿ ತುಳಿದು ತನ್ನ ಚಿತ್ರ ತೆಗೆದುಕೊಳ್ಳುವ ಉಪಾಯ ಹೂಡಿದರು. ಅವರ ಪುಸ್ತಕ ಹೊರಬಂದದ್ದು 1927ರಲ್ಲಿ. ಬ್ರಿಟನ್ನಿನ ಛಾಯಾಗ್ರಾಹಕ ಎರಿಕ್ ಹೋಸ್ಕಿಂಗ್ 1937ರಲ್ಲಿ ಗೂಬೆಯ ದಾಳಿಗೆ ಎಡಗಣ್ಣು ಕಳೆದುಕೊಂಡರು. ಗೂಡಿನ ಹತ್ತಿರ ಹೋದವರನ್ನು ತಾಯಿಹಕ್ಕಿ ಬಿಡಲಿಲ್ಲ. ಆದರೂ ಅವರು ಗೂಬೆಗಳ ಚಿತ್ರ ತೆಗೆಯುವುದನ್ನು ಬಿಡಲಿಲ್ಲ.

ಕರ್ನಾಟಕದಲ್ಲಿ ಒ.ಸಿ. ಎಡ್ವರ್ಡ್ಸ್ ಅವರ ಬಳಿ ಪಳಗಿದ ಟಿ.ಎನ್.ಎ. ಪೆರುಮಾಳ್, ಇ. ಹನುಮಂತ ರಾವ್, ಸಂಡೂರಿನ ಎಂ.ವೈ. ಘೋರ್ಪಡೆ ವನ್ಯಜೀವಿ ಛಾಯಾಗ್ರಹಣಕ್ಕೆ ಅಡಿಪಾಯ ಹಾಕಿದರು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಚಿತ್ರವನ್ನು ಕನ್ನಡ ಓದುಗರ ಮನೆಗೆ ತಂದರು. ಇವರೆಲ್ಲ ಬಹುಕಾಲ ದುಡಿದದ್ದು ಫಿಲ್ಮ್ ರೀಲಿನಲ್ಲಿ. 1974ರಲ್ಲಿ ಬಂದ ಕೊಡಾಕ್ರೋಮ್ 64 ಫಿಲ್ಮಿಗೆ ಪೂರ್ತಿ ಒಂದು ಸೆಕೆಂಡು ಬೇಕಾದ ಮಬ್ಬು ಬೆಳಕಿನಲ್ಲಿ, ಐಎಸ್‌ಒ 6400ರ ಕ್ಯಾಮೆರಾಕ್ಕೆ ಸೆಕೆಂಡಿನ ನೂರರಲ್ಲಿ ಒಂದು ಭಾಗ ಸಾಕು. ಆ ಒಂದು ಸೆಕೆಂಡಿನಲ್ಲಿ ಗೂಬೆ ತಲೆ ಹೊರಳಿಸಿದರೆ ರೀಲು ವ್ಯರ್ಥ, ಹಾಗಾಗಿ ಫ್ಲಾಶ್ ಅನಿವಾರ್ಯವಾಗಿತ್ತು. ಬೆಳಕಿಗೆ 6400ರ ಸಂವೇದನೆಯಿದ್ದ ನಿಕಾನ್ ಡಿ3 ಕ್ಯಾಮೆರಾ ಪ್ರಕಟವಾದದ್ದು 2007ರ ಆಗಸ್ಟ್‌ನಲ್ಲಿ. ತೇಜಸ್ವಿ ಅದೇ ವರ್ಷದ ಏಪ್ರಿಲ್‌ನಲ್ಲಿ ತೀರಿಕೊಂಡಿದ್ದರು. ಆ ಕ್ಯಾಮೆರಾ ಅವರ ಕೈಗೆ ಸಿಗಬೇಕಿತ್ತು ಎಂದು ಇಂದಿಗೂ ಅನಿಸುತ್ತದೆ.

ಅಲ್ಲಿಂದಾಚೆಗಿನ ಮುಖ್ಯ ಬದಲಾವಣೆ ಎಂದರೆ, ಛಾಯಾಗ್ರಾಹಕ ತನ್ನ ದೀಪ ಆರಿಸಬಹುದಾಯಿತು. ಕತ್ತಲಿಗೆ ಹಿಗ್ಗಿದ ಪಾಪೆಯ ಮೇಲೆ ಎಸೆದ ಬೆಳಕು ಬೇಟೆಯ ಹೊತ್ತಿನ ಹಕ್ಕಿಗೆ ತೊಂದರೆಯೇ. ಧ್ವನಿಮುದ್ರಿತ ಕೂಗು ಹಾಕಿ ಕರೆಯುವುದೂ ಅಷ್ಟೇ ಕೆಟ್ಟದ್ದು: ತನ್ನ ಸೀಮೆಗೆ ಎದುರಾಳಿ ಬಂತೆಂದು ಗೂಬೆ ಬೇಟೆ ಬಿಟ್ಟು ಓಡಿಬರುತ್ತದೆ. ಗೂಡಿನ ಜಾಗ ಬಯಲು ಮಾಡುವುದು ಇನ್ನೂ ಅಪಾಯ. ಮಾಟಮಂತ್ರಕ್ಕಾಗಿ, ವಿಶೇಷವಾಗಿ ದೀಪಾವಳಿಯ ಹೊತ್ತಿಗೆ, ನಡೆಯುವ ಗೂಬೆ ಮಾರಾಟವನ್ನು ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ಟ್ರಾಫಿಕ್ ಇಂಡಿಯಾ ಸಂಸ್ಥೆಯ 2010ರ ವರದಿ ಬಯಲಿಗೆಳೆದಿದೆ.

ಗೂಬೆಗಾಗಿ ಕಾಯುವ ಜಾಗಕ್ಕೂ ಮಿತಿಯಿದೆ: ದಾಂಡೇಲಿ ಕಡೆಯ ಕಾಡು ಈಗ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಹಳೆಯ ದಾಂಡೇಲಿ–ಅಣಶಿ ಹೆಸರು 2015ರಲ್ಲಿ ಬದಲಾಯಿತು. ಬೇಡ್ತಿ ಕಣಿವೆಗೂ 2011ರಿಂದ ಸಂರಕ್ಷಣಾ ಮೀಸಲಿನ ಮನ್ನಣೆಯಿದೆ. ಇಂಥ ಕಾಡಿನೊಳಗೆ ರಾತ್ರಿ ಅಲೆಯುವಂತಿಲ್ಲ. ಯಲ್ಲಾಪುರದಲ್ಲಿ ಅದರ ಅಗತ್ಯವೂ ಕಡಿಮೆ, ಏಕೆಂದರೆ ಒಂಟಿಮನೆಗಳ ಅಂಗಳವೇ ಕಾಡಿನ ಅಂಚು. ತ್ರಿಪಾದಿಯ ಮೇಲೆ ಕ್ಯಾಮೆರಾ ಇಟ್ಟು ಮುಸ್ಸಂಜೆಗೆ ಕಾದರೆ, ತೋಟದ ಇಲಿಗಾಗಿ ಇಳಿದು ಬರುವ ಗೂಬೆ ಬೇಟೆಗೆ ಮುನ್ನ ಕೆಲವೊಮ್ಮೆ ಒಣಕೊಂಬೆಯ ಮೇಲೆ ಕೂರುತ್ತದೆ. ಆ ಹೊತ್ತಿಗೆ ಆಕಾಶದಲ್ಲಿ ಉಳಿದಿರುವಷ್ಟು ಬೆಳಕು ಇಂದಿನ ಕ್ಯಾಮೆರಾಕ್ಕೆ ಸಾಕು.