ಆಷಾಢದಲ್ಲಿ ಹೊಸ ವಿಂಡೋಸ್

ದಾವಣಗೆರೆಯ ನಮ್ಮ ಡಿಟಿಪಿ ಅಂಗಡಿಯಲ್ಲಿ ಕಂಪ್ಯೂಟರಿಗೆ ಹೊಸ ವಿಂಡೋಸ್ ಹಾಕಿಸುವುದು ಆಷಾಢದಲ್ಲಿ ಮಾತ್ರ. ಆ ತಿಂಗಳು ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಲಗ್ನಪತ್ರಿಕೆಯ ಕೆಲಸವೂ ಇಲ್ಲ. ಅಪ್‌ಗ್ರೇಡ್ ಎಂಬ ಮಾತು ಮೊದಲೆಲ್ಲ ನಮ್ಮ ಬಾಯಲ್ಲಿ ಇರಲಿಲ್ಲ, ‘ಫಾರ್ಮ್ಯಾಟ್ ಮಾಡಿಸಿದ್ವಿ’ ಅನ್ನುತ್ತಿದ್ದೆವು. ಸಿ ಡ್ರೈವನ್ನು ಅಳಿಸಿ ಹೊಸದನ್ನು ಹಾಕುವುದು, ಡಿ ಡ್ರೈವಿನಲ್ಲಿರುವ ಗಿರಾಕಿಗಳ ಫೈಲುಗಳನ್ನು ಮುಟ್ಟದೆ ಬಿಡುವುದು. ಫೈಲು ಉಳಿದರೆ ಎಲ್ಲ ಉಳಿದಂತೆ ಎಂದೇ ಬಹಳ ವರ್ಷ ನಂಬಿದ್ದೆ.

ಅಂಗಡಿ ತೆರೆದದ್ದು 1999ರಲ್ಲಿ. ನಮ್ಮಪ್ಪ ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದವರು. ಮೊದಲ ಸಲ ನನ್ನ ಪರದೆ ನೋಡಿದಾಗ ಅವರಿಗೆ ಏನೂ ಹೊಸದೆನಿಸಲಿಲ್ಲ, ಯಾಕೆಂದರೆ ಒಳಗಿನ ವ್ಯವಸ್ಥೆ ಅವರದ್ದೇ. ವಿಂಡೋಸ್ 98ರೊಳಗೆ ಕನ್ನಡ ಇರಲೇ ಇಲ್ಲ. ಇಂಗ್ಲಿಷ್ ಅಕ್ಷರಗಳ ಖಾನೆಗಳಲ್ಲಿ ಕನ್ನಡದ ಚೂರುಗಳನ್ನು ತುಂಬಿಟ್ಟ ಫಾಂಟುಗಳಿಂದ ನಮ್ಮ ಕೆಲಸ ನಡೆಯುತ್ತಿತ್ತು. ನುಡಿ ಫಾಂಟನ್ನೇ ನೋಡಿ. ಅದರಲ್ಲಿ ‘ಕ’ ಒಂದಕ್ಷರವಲ್ಲ, ಎರಡು ಚೂರು. ಪಿ ಅಕ್ಷರದ ಜಾಗದಲ್ಲಿ ತಲೆಕಟ್ಟಿಲ್ಲದ ಬೋಳು ಕ, ನೆತ್ತಿಯ ಮೇಲೆ ಓರೆಗೆರೆ ಇರುವ ಎ ಅಕ್ಷರದ ಜಾಗದಲ್ಲಿ ತಲೆಕಟ್ಟು. ‘ನ’ದ ಮೈ ಕೂತಿರುವುದು ಬ್ರಿಟಿಷ್ ಪೌಂಡಿನ ಚಿಹ್ನೆಯ ಖಾನೆಯಲ್ಲಿ. ‘ಕನ್ನಡ’ ಎಂಬ ಪದ ಬರೆಯಲು ಏಳು ಚೂರು ಬೇಕು. ಅಪ್ಪನ ಮರದ ಕೇಸಿನಲ್ಲಿ ತಲೆಕಟ್ಟು, ಒತ್ತು, ದೀರ್ಘ ಬೇರೆ ಬೇರೆ ಖಾನೆಯಲ್ಲಿದ್ದ ಹಾಗೆಯೇ ಇದೂ. ಕಷ್ಟವೆಂದರೆ, ಒಂದೊಂದು ತಂತ್ರಾಂಶದವರ ಖಾನೆ ಒಂದೊಂದು ಥರ.

ಇದಕ್ಕೆ ಪರಿಹಾರ ಅಷ್ಟರಲ್ಲಾಗಲೇ ಕಾಗದದ ಮೇಲಿತ್ತು ಎಂಬುದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಲಿಪಿಗಳಿಗೆಲ್ಲ ಒಂದೇ ಸಂಕೇತಪಟ್ಟಿಯಾದ ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳು ಮೀಸಲಾಗಿದ್ದವು. ಆ ಲೆಕ್ಕದಲ್ಲಿ ‘ಕನ್ನಡ’ಕ್ಕೆ ಬೇಕಾದದ್ದು ಐದೇ ಸಂಕೇತ: ಕ, ನ, ಹಲಂತ, ನ, ಡ. ತಲೆಕಟ್ಟು, ಒತ್ತುಗಳನ್ನು ಬಿಡಿಸುವುದು ಫಾಂಟಿನ ಕೆಲಸ, ಫೈಲಿನದ್ದಲ್ಲ. ಆದರೆ ಅದನ್ನು ಓದಬಲ್ಲ ವಿಂಡೋಸ್ ಬೇಕಲ್ಲ? ವಿಂಡೋಸ್ 2000ದಲ್ಲಿ ದೇವನಾಗರಿ ಬಂತು, ತಮಿಳು ಬಂತು. ಕನ್ನಡದ ಸರದಿ ಬಂದದ್ದು 2001ರ ಅಕ್ಟೋಬರಿನಲ್ಲಿ, ಎಕ್ಸ್‌ಪಿಯ ಜೊತೆಗೆ. ಈ ಹತ್ತು ವರ್ಷಗಳಲ್ಲಿ ನಾಡಿನ ತುಂಬ ನಾವು ಎಷ್ಟು ಪುಟ ಟೈಪು ಮಾಡಿದೆವೋ ಅಷ್ಟೂ ಬೇರೆ ಬೇರೆ ಖಾನೆಗಳ ಭಾಷೆಯಲ್ಲಿ ಉಳಿದುಹೋಯಿತು.

2003ರ ಆಷಾಢದಲ್ಲಿ ನಮ್ಮಲ್ಲಿ ಎಕ್ಸ್‌ಪಿ ಹಾಕಿಸಿದೆವು. ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ ಒಂದು ಚೌಕಕ್ಕೆ ಟಿಕ್ ಮಾಡಿ, ಸಿಡಿಯನ್ನು ಮತ್ತೆ ಹಾಕಿದರೆ ಕನ್ನಡ ಏಳುತ್ತಿತ್ತು. ಫಾಂಟಿನ ಹೆಸರು ತುಂಗಾ. ತುಂಗಭದ್ರೆಯ ನೀರು ಕುಡಿಯುವ ಊರಿನವರಿಗೆ ಆ ಹೆಸರು ಕಂಡೇ ಖುಷಿಯಾಯಿತು. ಫೈಲಿಗೆ ‘ಲಗ್ನಪತ್ರಿಕೆ’ ಎಂದು ಕನ್ನಡದಲ್ಲೇ ಹೆಸರಿಟ್ಟ ದಿನ ಅಪ್ಪನನ್ನು ಕರೆದು ತೋರಿಸಿದೆ. ಆದರೆ ನಮ್ಮ ಅನ್ನದ ತಂತ್ರಾಂಶ ಪೇಜ್‌ಮೇಕರ್, ಅದಕ್ಕೆ ಯೂನಿಕೋಡ್ ಅರ್ಥವಾಗುತ್ತಿರಲಿಲ್ಲ. 2001ರ ಏಳನೇ ಆವೃತ್ತಿಗೆ ಅದರ ಬೆಳವಣಿಗೆಯೂ ನಿಂತಿತು. ಹೀಗೆ ಒಂದೇ ಕಂಪ್ಯೂಟರಿನಲ್ಲಿ ಎರಡು ಕನ್ನಡಗಳಾದವು.

ಅದೇ ದಿನ ಇನ್ನೊಂದು ಪೆಟ್ಟೂ ಬಿತ್ತು. ನಾವು ದುಡ್ಡು ಕೊಟ್ಟು ತಂದ ಕನ್ನಡ ತಂತ್ರಾಂಶಕ್ಕೆ ಒಂದು ಲಾಕ್ ಇತ್ತು. ಬೆಂಕಿಪೊಟ್ಟಣದಷ್ಟು ದೊಡ್ಡದು, ಪ್ರಿಂಟರ್ ವಯರಿನ ಬುಡಕ್ಕೆ ಸಿಕ್ಕಿಸಬೇಕು. ವಿಂಡೋಸ್ 98ರಲ್ಲಿ ಯಾವ ಪ್ರೋಗ್ರಾಮ್ ಬೇಕಾದರೂ ಆ ಪೋರ್ಟನ್ನು ನೇರವಾಗಿ ಮುಟ್ಟಬಹುದಿತ್ತು. ಎಕ್ಸ್‌ಪಿ ವಿಂಡೋಸ್ ಎನ್‌ಟಿ ವಂಶದ್ದು, ಭದ್ರತೆಯ ದೃಷ್ಟಿಯಿಂದ ಹಾಗೆಲ್ಲ ಬಿಡುವುದಿಲ್ಲ, ನಡುವೆ ಡ್ರೈವರ್ ಬೇಕು. ನಮ್ಮ ಆವೃತ್ತಿಗೆ ಡ್ರೈವರ್ ಸಿಗಲೇ ಇಲ್ಲ. ವಿಂಡೋಸ್ 98 ಇದ್ದ ಹಳೆಯ ಕಂಪ್ಯೂಟರನ್ನು ಲಾಕ್ ಸಮೇತ ಗೋಣಿಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದೆ.

2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿಗೆ ಬೆಂಬಲ ನಿಂತಿತು. ಆ ಆಷಾಢದಲ್ಲಿ ವಿಂಡೋಸ್ 7 ಹಾಕಿಸಿ ಇನ್ನೂ ವಾರವಾಗಿತ್ತು, ನಿವೃತ್ತ ಮೇಷ್ಟ್ರೊಬ್ಬರು ಬಂದರು. 2000ದಲ್ಲಿ ಅವರ ತಂದೆಯ ವಚನ ವ್ಯಾಖ್ಯಾನವನ್ನು ನಾನೇ ಟೈಪು ಮಾಡಿದ್ದೆ, ಈಗ ಎರಡನೇ ಮುದ್ರಣ ಬೇಕಿತ್ತು.

“ಏನಮ್ಮ, ನಮ್ಮ ಪುಸ್ತಕ ನಿನ್ನ ಹತ್ರ ಐತಲ್ಲ?”

“ಐತೆ ಸರ್, ಡಿ ಡ್ರೈವಲ್ಲೇ ಐತೆ” ಎಂದು ತೆರೆದೆ. ಪುಟ ಬಂತು, ಅಂಚು ಬಂತು, ಪುಟಸಂಖ್ಯೆಯೂ ಬಂತು. ನಡುವೆ ಮಾತ್ರ ಸಾಲುಸಾಲು ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ, ಓರೆಗೆರೆ. ಫೈಲು ಡಿ ಡ್ರೈವಿನಲ್ಲಿ ಭದ್ರವಾಗಿತ್ತು, ಅದನ್ನು ಓದುವ ಫಾಂಟು ಸಿ ಡ್ರೈವಿನ ಜೊತೆ ಎಂದೋ ಅಳಿಸಿಹೋಗಿತ್ತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. “ಇದು ಅಪ್ಪಾರದ್ದಾ?” ಎಂದರು. ನನಗೆ ಉತ್ತರ ಕೊಡಲಾಗಲಿಲ್ಲ.

ಅಟ್ಟದಿಂದ ಗೋಣಿಚೀಲ ಇಳಿಸಿದೆವು. ಒಳಗಿನ ಸಣ್ಣ ಬ್ಯಾಟರಿ ಸತ್ತಿತ್ತು, ತಾರೀಖು ಮರೆತಿತ್ತು. ಎಫ್1 ಒತ್ತಿದ ಮೇಲೆ ನಿಧಾನವಾಗಿ ವಿಂಡೋಸ್ 98ರ ಮೋಡ ಕಾಣಿಸಿತು. ಲಾಕ್ ಕೆಲಸ ಮಾಡಿತು. ಆ ಖಾನೆಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕ ನನಗೆ ಸಿಗಲಿಲ್ಲವಾದ್ದರಿಂದ 148 ಪುಟಗಳ ಪ್ರಿಂಟ್ ತೆಗೆದು, ಮೂರು ವಾರ ಕೂತು ಹೊಸದಾಗಿ ಯೂನಿಕೋಡಿನಲ್ಲಿ ಟೈಪು ಮಾಡಿದೆ. ದುಡ್ಡು ತೆಗೆದುಕೊಳ್ಳಲಿಲ್ಲ. ಆ ಫಾಂಟನ್ನು ಕಾಪಾಡಿಕೊಳ್ಳಬೇಕಾದವಳು ನಾನೇ ಆಗಿದ್ದೆ.

ಈಗ ವಿಂಡೋಸ್ 10ರ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ 32 ಬಿಟ್‌ನ ಆವೃತ್ತಿಯೇ ಇಲ್ಲ, ಆದ್ದರಿಂದ ಡಾಸ್ ಕಾಲದ ಪ್ರೋಗ್ರಾಮುಗಳು ಅದರಲ್ಲಿ ನೇರವಾಗಿ ಓಡುವುದಿಲ್ಲ. ಸಂಘದ ನಡಾವಳಿ, ಊರಿನ ಸ್ಮರಣ ಸಂಚಿಕೆ, ತಾತನ ಕವನ, ಏನೇ ಇರಲಿ, ಹಳೆಯ ಕಂಪ್ಯೂಟರನ್ನು ಗುಜರಿಗೆ ಕೊಡುವ ಮೊದಲು ಅದರಲ್ಲೇ ತೆರೆದು ನೋಡಿ. ಫಾಂಟ್ ಫೋಲ್ಡರನ್ನು ಫೈಲಿನ ಪಕ್ಕದಲ್ಲೇ ನಕಲು ಮಾಡಿಡಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಫೈಲುಗಳಾದರೆ ಪರಿವರ್ತಕಗಳು ಸಿಗುತ್ತವೆ, ಯೂನಿಕೋಡಿಗೆ ತಿರುಗಿಸಿ. ತಿರುಗಿಸಿದ ಮೇಲೆ ಅರ್ಕಾವತ್ತುಗಳನ್ನು ಒಂದೊಂದಾಗಿ ಓದಿ. ಹಳೆಯ ಫಾಂಟಿನಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ಅಕ್ಷರಕ್ಕಿಂತ ಮೊದಲು. ನನ್ನ ಅನುಭವದಲ್ಲಿ ತಪ್ಪು ನುಸುಳುವುದು ಹೆಚ್ಚಾಗಿ ಅಲ್ಲೇ.